ನೀರಿನಲ್ಲಿ ವಿಷಕ್ಕೆ ಕಟ್ಟಿದ ಮೇರೆ

ಗದಗಿನಿಂದ ಹುಬ್ಬಳ್ಳಿಯ ಕಡೆಗೆ ಹೊರಟರೆ ಪಟ್ಟಣವನ್ನು ದಾಟಿದ ಸ್ವಲ್ಪ ಹೊತ್ತಿನಲ್ಲಿಯೇ ಬಿಂಕದಕಟ್ಟಿ ಎಂಬ ಹಳ್ಳಿ ಸಿಕ್ಕುತ್ತದೆ. ಅಲ್ಲಿಯ ಮೃಗಾಲಯದಿಂದಾಗಿ ಆ ಹೆಸರು ದೂರದವರಿಗೂ ಪರಿಚಿತವಾಗಿದೆ. ಒಂದು ಬೇಸಗೆಯಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದಾಗ, ಮರದ ನೆರಳಿನಲ್ಲಿ ಕೊಡವನ್ನು ಇಳಿಸಿ ಕುಳಿತಿದ್ದ ವೃದ್ಧೆಯೊಬ್ಬಳೊಡನೆ ನಾಲ್ಕು ಮಾತನಾಡುವ ಸಂದರ್ಭ ಒದಗಿತು. ಆಕೆ ಆ ಊರಿನವಳಲ್ಲ. ಮುಂಡರಗಿಯ ಸೀಮೆಯವಳು, ಮಗಳ ಮನೆಗೆಂದು ಬಂದಿದ್ದವಳು. ನಕ್ಕಾಗ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡಗೆರೆಗಳು ಕಾಣುತ್ತಿದ್ದವು. ಏಳುವಾಗ ಎರಡು ಕೈಗಳನ್ನೂ ನೆಲಕ್ಕೆ ಊರಬೇಕಾಗಿತ್ತು. ನಾನು ಕಾಲೇಜಿನಲ್ಲಿ ಪಾಠ ಹೇಳುವವನೆಂದು ತಿಳಿದೊಡನೆ ಆಕೆ ಕೇಳಿದಳು: "ನಮ್ಮೂರ ನೀರಾಗ ಏನೋ ಐತಂತ್ರೀ, ಸರ. ಒಬ್ಬರು ಜಾಸ್ತಿ ಐತಿ ಅಂತಾರ, ಒಬ್ಬರು ಕಡಿಮಿ ಐತಿ, ಕುಡೀರಿ ಅಂತಾರ. ಎಷ್ಟಿದ್ರ ಜಾಸ್ತಿ? ಎಷ್ಟಿದ್ರ ಕಡಿಮಿ? ಇದನ್ನ ಗೊತ್ತುಮಾಡಿದವರು ಯಾರ್ರೀ?"

ಲೀಟರಿಗೆ ಒಂದೂವರೆ ಮಿಲಿಗ್ರಾಂ ಎಂಬ ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಆದರೆ ಆಕೆ ಕೇಳಿದುದು ಅಂಕಿಯನ್ನಲ್ಲ. ಅಂಕಿಯನ್ನು ಗೊತ್ತುಮಾಡಿದವರು ಯಾರು ಎಂಬುದನ್ನು. ಅದಕ್ಕೆ ಉತ್ತರ ಹೇಳಬೇಕಾದರೆ ಒಂದು ಚರಿತ್ರೆಯನ್ನೇ ಹೇಳಬೇಕಾಗುತ್ತದೆ. ಆ ದಿವಸ ಮರದ ಕೆಳಗೆ ಹೇಳಲಾಗದೆ ಹೋದ ಆ ಚರಿತ್ರೆಯನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತೇನೆ.

ಶ್ರೋತೃಗಳೆ, ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ನಮ್ಮಲ್ಲಿ ಮನೆಮನೆಯ ಮಾತು. ಯೂರೋಪಿನಲ್ಲಿ ೧೬ನೆಯ ಶತಮಾನದ ವೈದ್ಯನಾದ ಪ್ಯಾರಾಸೆಲ್ಸಸನು ಪ್ರತಿಪಾದಿಸಿದುದೂ ಹೆಚ್ಚುಕಡಮೆ ಇದನ್ನೇ: ವಿಷವನ್ನು ವಿಷವಾಗಿಸುವುದು ಅದರ ಪ್ರಮಾಣ ಎಂಬುದು ಅವನ ಮತದ ಸಾರ. ಆದರೆ 'ಅತಿ' ಎಂಬುದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಗಾದೆಯೂ ಹೇಳುವುದಿಲ್ಲ, ಪ್ಯಾರಾಸೆಲ್ಸಸನೂ ಹೇಳಲಿಲ್ಲ. ಅದನ್ನು ತೂಕದಲ್ಲಿ ಹೇಳಬೇಕಾದ ಅವಶ್ಯಕತೆ ಬಂದುದು, ಸಾವಿರಾರು ಜನರ ಅನ್ನಪಾನಗಳು ಒಂದೇ ಕಾರ್ಖಾನೆಯಿಂದ, ಒಂದೇ ಕೊಳವೆಯಿಂದ ಬರತೊಡಗಿದ ಮೇಲೆ.

ಈ ಬಗೆಯ ಅಂಕಿಗಳಲ್ಲಿ ಹಳೆಯದೊಂದು ಹುಟ್ಟಿದುದು ಇಂಗ್ಲೆಂಡಿನಲ್ಲಿ. ೧೯೦೦ನೆಯ ಇಸವಿಯಲ್ಲಿ ಮ್ಯಾಂಚೆಸ್ಟರ್ ಮತ್ತು ಅದರ ಸುತ್ತಲಿನ ಪಟ್ಟಣಗಳಲ್ಲಿ ಕೂಲಿಕಾರರ ಕೈಕಾಲುಗಳು ಜೋಮು ಹಿಡಿದು ಸೋಲತೊಡಗಿದವು. ಚರ್ಮ ಕಪ್ಪಾಗುತ್ತ ಬಂದಿತು. ಕುಡಿತದ ಫಲವೆಂದು ವೈದ್ಯರು ಮೊದಲು ಭಾವಿಸಿದರು. ಅರ್ನೆಸ್ಟ್ ರೆನಾಲ್ಡ್ಸ್ ಎಂಬ ವೈದ್ಯನು ಬಿಯರನ್ನೇ ಪರೀಕ್ಷಿಸಿದಾಗ ಅದರಲ್ಲಿ ಪಾಷಾಣವು ಕಂಡುಬಂದಿತು. ಬಿಯರಿಗೆ ಸೇರಿಸುತ್ತಿದ್ದ ಸಕ್ಕರೆಯನ್ನು ತಯಾರಿಸಲು ಬಳಸಿದ ಗಂಧಕಾಮ್ಲದಲ್ಲಿ ಅದು ಇದ್ದಿತು. ಆರು ಸಾವಿರಕ್ಕೂ ಹೆಚ್ಚು ಮಂದಿ ರೋಗಪೀಡಿತರಾದರು. ಸುಮಾರು ೭೦ ಮಂದಿ ಸತ್ತರು. ಪ್ರಸಿದ್ಧ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ನನ ಅಧ್ಯಕ್ಷತೆಯಲ್ಲಿ ನೇಮಕವಾದ ರಾಯಲ್ ಕಮಿಷನ್ನು ೧೯೦೩ರಲ್ಲಿ ಒಂದು ಗೆರೆಯನ್ನು ಎಳೆಯಿತು: ಒಂದು ಗ್ಯಾಲನ್ ಪಾನೀಯದಲ್ಲಿ ಒಂದು ಗ್ರೇನಿನ ನೂರನೆಯ ಒಂದು ಪಾಲು ಪಾಷಾಣವಿದ್ದರೆ ಮಾರಿದವನು ದಂಡನಾರ್ಹನು. ಈಗಿನ ಲೆಕ್ಕದಲ್ಲಿ ಅದು ಲೀಟರಿಗೆ ಸುಮಾರು ೦.೧೪ ಮಿಲಿಗ್ರಾಂ. ಇಂದು ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವ ಪ್ರಮಾಣ ೦.೦೧ ಮಿಲಿಗ್ರಾಂ, ಎಂದರೆ ಆ ಹಳೆಯ ಗೆರೆಯ ಹದಿನಾಲ್ಕನೆಯ ಒಂದು ಪಾಲು. ಪಾಷಾಣವು ಬದಲಾಗಲಿಲ್ಲ; ಮನುಷ್ಯದೇಹವೂ ಬದಲಾಗಲಿಲ್ಲ. ಗೆರೆ ಮಾತ್ರ ಸರಿಯಿತು. ಆದಕಾರಣ ಮೇರೆಯೆಂಬುದು ಸೂರ್ಯಚಂದ್ರರ ಗತಿಯಂತೆ ಪ್ರಕೃತಿಯಲ್ಲಿ ಕಂಡುಹಿಡಿದುದಲ್ಲ. ತಿಳಿದಷ್ಟನ್ನು ತಿಳಿದು, ಸಾಧ್ಯವಾದಷ್ಟನ್ನು ನೋಡಿ, ಮನುಷ್ಯರು ಒಪ್ಪಿಕೊಂಡ ಗೆರೆ ಎಂಬುದನ್ನು ನಾವು ಮೊದಲು ಮನಗಾಣಬೇಕು.

ಇನ್ನು ಮುಂಡರಗಿಯ ತಾಯಿಯ ಹಲ್ಲಿನ ವಿಚಾರಕ್ಕೆ ಬರೋಣ. ಅದರ ಕಥೆ ಆರಂಭವಾಗುವುದು ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ. ೧೯೦೧ರಲ್ಲಿ ಅಲ್ಲಿಗೆ ಬಂದ ಫ್ರೆಡರಿಕ್ ಮ್ಯಾಕೇ ಎಂಬ ತರುಣ ದಂತವೈದ್ಯನು ಊರಿನಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳೆಲ್ಲ ಕಂದು ಕಲೆಗಳಿಂದ ಕೂಡಿರುವುದನ್ನು ಕಂಡು ಬೆರಗಾದನು. ಆ ಕಾಲದ ದಂತವೈದ್ಯರಲ್ಲಿ ಅಗ್ರಗಣ್ಯನಾಗಿದ್ದ ಬ್ಲ್ಯಾಕ್ ಎಂಬಾತನು ೧೯೦೯ರಿಂದ ಅವನೊಡನೆ ಸೇರಿ, ೧೯೧೫ರಲ್ಲಿ ತೀರಿಕೊಳ್ಳುವವರೆಗೂ ಈ ವಿಷಯದಲ್ಲಿ ಶ್ರಮಿಸಿದನು. ಕಾರಣ ಮಾತ್ರ ತಿಳಿಯಲಿಲ್ಲ.

೧೯೨೩ರಲ್ಲಿ ಮ್ಯಾಕೇಗೆ ಐಡಹೋ ಸಂಸ್ಥಾನದ ಓಕ್ಲೀ ಎಂಬ ಸಣ್ಣ ಊರಿನಿಂದ ಕರೆ ಬಂದಿತು. ದಾರಿ ತೋರಿಸಿದವರು ವಿದ್ವಾಂಸರಲ್ಲ, ಆ ಊರಿನ ತಾಯಂದಿರು. ದೂರದ ಬಿಸಿನೀರಿನ ಚಿಲುಮೆಯೊಂದರಿಂದ ಊರಿಗೆ ಕೊಳವೆಯನ್ನು ಹಾಕಿಸಿದ ಮೇಲೆ ಮಕ್ಕಳ ಹಲ್ಲುಗಳಲ್ಲಿ ಕಲೆ ಕಾಣಿಸಿತೆಂದು ಅವರು ಹೇಳಿದರು. ನೀರಿನಲ್ಲಿ ಏನಿದೆಯೆಂದು ಮ್ಯಾಕೇಗೆ ತಿಳಿದಿರಲಿಲ್ಲ. ಆದರೂ ಆ ಕೊಳವೆಯನ್ನು ಬಿಟ್ಟು ಬೇರೆ ಚಿಲುಮೆಯನ್ನು ಹಿಡಿಯಿರೆಂದು ಸಲಹೆ ಕೊಟ್ಟನು. ಊರು ಹಾಗೆಯೇ ನಡೆಯಿತು. ಕೆಲವು ವರ್ಷಗಳ ಮೇಲೆ ಎಳೆಯ ಮಕ್ಕಳಿಗೆ ಹುಟ್ಟಿದ ಹಲ್ಲುಗಳು ಬೆಳ್ಳಗಿದ್ದವು. ಅಂಕಿ ದೊರೆಯುವುದಕ್ಕೆ ಮೊದಲೇ ಪರಿಹಾರ ದೊರೆತಿತ್ತು ಎಂಬುದು ಇಲ್ಲಿ ನೆನಪಿಡತಕ್ಕ ಸಂಗತಿ.

ಅಂಕಿ ದೊರೆತುದು ೧೯೩೧ರಲ್ಲಿ. ಆರ್ಕನ್ಸಾಸ್ ಸಂಸ್ಥಾನದ ಬಾಕ್ಸೈಟ್ ಎಂಬ ಊರು ಅಲ್ಯೂಮಿನಿಯಂ ಕಂಪನಿಯೊಂದರ ಗಣಿಗಾರರದು. ಅಲ್ಲಿಯ ಮಕ್ಕಳ ಹಲ್ಲಿಗೂ ಕಲೆ ಹತ್ತಿತ್ತು. ಕಂಪನಿಯ ರಸಾಯನಶಾಸ್ತ್ರಜ್ಞನಾದ ಚರ್ಚಿಲ್ ಎಂಬವನು ಊರಿನ ನೀರನ್ನು ಹೊಸ ಕ್ರಮದಿಂದ ಪರೀಕ್ಷಿಸಿ, ಅದರಲ್ಲಿ ಹತ್ತು ಲಕ್ಷಕ್ಕೆ ೧೩.೭ ಪಾಲು ಫ್ಲೋರೈಡ್ ಇರುವುದನ್ನು ಕಂಡನು. ಹತ್ತು ಲಕ್ಷಕ್ಕೆ ಒಂದು ಪಾಲೆಂದರೆ ಲೀಟರಿಗೆ ಒಂದು ಮಿಲಿಗ್ರಾಂ ಎಂದೇ ತಾವು ಭಾವಿಸಬಹುದು. ಅಲ್ಲಿಂದ ಮುಂದೆ ಸರಕಾರದ ದಂತವೈದ್ಯನಾದ ಟ್ರೆಂಡ್ಲೀ ಡೀನ್ ಎಂಬವನು ಊರೂರು ತಿರುಗಿ ಮಕ್ಕಳ ಬಾಯಿಯನ್ನೂ ಅವರ ನೀರನ್ನೂ ಒಟ್ಟೊಟ್ಟಿಗೆ ಪರೀಕ್ಷಿಸುತ್ತ ಹೋದನು. ೧೯೪೨ರಲ್ಲಿ ಪ್ರಕಟವಾದ ಅವನ ಪರಿಶೋಧನೆಯೊಂದರಲ್ಲಿ ೨೧ ಪಟ್ಟಣಗಳ ೭,೨೫೭ ಮಕ್ಕಳ ವಿವರವಿದೆ. ಫ್ಲೋರೈಡ್ ಒಂದು ಮಿಲಿಗ್ರಾಮಿನ ಆಸುಪಾಸಿನಲ್ಲಿದ್ದರೆ ಹಲ್ಲಿಗೆ ಹುಳುಕು ಕಡಮೆಯಾಗುತ್ತದೆ, ಕಣ್ಣಿಗೆ ಹೊಡೆಯುವಂಥ ಕಲೆಯೂ ಬರುವುದಿಲ್ಲ ಎಂದು ಅವನು ನಿರ್ಣಯಿಸಿದನು. ಲೋಕದಲ್ಲೆಲ್ಲ ಇಂದು ಬಳಕೆಯಲ್ಲಿರುವ ಅಂಕಿಗಳ ಮೂಲವು ಇದೇ. ಎಂದರೆ, ಈ ಮೇರೆಯನ್ನು ಅಳೆದುದು ಪ್ರಯೋಗಶಾಲೆಯ ಗಾಜಿನ ನಳಿಗೆಗಳಲ್ಲಿ ಮಾತ್ರವಲ್ಲ; ಅದಾಗಲೇ ಆ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ.

ನಮ್ಮ ದೇಶವು ಈ ಚರಿತ್ರೆಯಲ್ಲಿ ಹಿಂದೆ ಬಿದ್ದಿರಲಿಲ್ಲ. ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯಲ್ಲಿ ರೈತರು ತಮ್ಮ ಎತ್ತುಗಳು ನೊಗಕ್ಕೆ ಕೊರಳು ಕೊಡಲಾರದೆ, ಕೀಲು ಸೆಟೆದು ನಿಲ್ಲುವುದನ್ನು ಕಂಡಿದ್ದರು. ಹೊಲದವನಿಗೆ ಎತ್ತಿನ ನೋವು ತನ್ನ ನೋವಿಗಿಂತ ಬೇಗ ತಿಳಿಯುತ್ತದೆ. ೧೯೩೭ರಲ್ಲಿ ಷಾರ್ಟ್ ಮತ್ತು ಅವನ ಸಂಗಡಿಗರು ಆ ಜಿಲ್ಲೆಯ ಜನರನ್ನು ಪರೀಕ್ಷಿಸಿ ಬರೆದ ಲೇಖನಗಳು ವೈದ್ಯಶಾಸ್ತ್ರದಲ್ಲಿ ಪ್ರಸಿದ್ಧವಾಗಿವೆ. ಅಮೆರಿಕದ ವೈದ್ಯರು ಮುಖ್ಯವಾಗಿ ಹಲ್ಲನ್ನು ನೋಡಿದ್ದರು. ಇಲ್ಲಿ ಕಂಡುದು ಎಲುಬಿನ ರೋಗ. ಬೆನ್ನುಮೂಳೆ ಬಿದಿರಿನಂತೆ ಬಿಗಿದು, ಕುತ್ತಿಗೆ ತಿರುಗದೆ, ಪಕ್ಕದವನನ್ನು ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಾದ ಗಂಡಸರು ಅಲ್ಲಿದ್ದರು. ಅದೇ ವರ್ಷ ಡೆನ್ಮಾರ್ಕಿನ ರೋಹೋಲ್ಮ್ ಎಂಬ ವೈದ್ಯನು ಕ್ರಯೊಲೈಟ್ ಎಂಬ ಖನಿಜದ ಧೂಳಿನಲ್ಲಿ ದುಡಿಯುವ ಕೂಲಿಕಾರರಲ್ಲಿ ಇದೇ ರೋಗವನ್ನು ವರ್ಣಿಸಿದನು. ೧೯೪೦ರಲ್ಲಿ ಪಂಡಿತ್, ರಾಘವಾಚಾರಿ ಮೊದಲಾದವರು ದಕ್ಷಿಣ ಇಂಡಿಯದಲ್ಲಿ ಪರಿಶೋಧನೆ ನಡೆಸಿ, ಆಹಾರದ ಕೊರತೆಯೂ ಈ ರೋಗದ ಉಗ್ರತೆಗೆ ಸಂಬಂಧಪಟ್ಟಿದೆಯೆಂದು ತೋರಿಸಿದರು. ಒಂದೇ ನೀರು, ಒಂದೇ ಅಂಕಿ. ಆದರೆ ಉಂಡವನಿಗೂ ಹಸಿದವನಿಗೂ ಅದರ ಫಲ ಒಂದೇ ಅಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಅಂಕಿ ಇರುವುದು ಲೀಟರಿಗೆ. ಮನುಷ್ಯನು ದಿನಕ್ಕೆ ಎಷ್ಟು ಲೀಟರು ಕುಡಿಯುತ್ತಾನೆ? ಬಿಸಿಲಿನ ನಾಡಿನಲ್ಲಿ ಜನ ಹೆಚ್ಚು ನೀರು ಕುಡಿಯುತ್ತಾರೆಂಬುದನ್ನು ಅಮೆರಿಕದವರೂ ಗಮನಿಸದೆ ಇರಲಿಲ್ಲ. ೧೯೬೨ರಲ್ಲಿ ಅವರ ಆರೋಗ್ಯ ಇಲಾಖೆಯವರು ಪ್ರದೇಶದ ಉಷ್ಣತೆಗೆ ತಕ್ಕಂತೆ ಫ್ಲೋರೈಡಿನ ಪ್ರಮಾಣವನ್ನು ಗೊತ್ತುಮಾಡಿದರು: ಚಳಿಯ ಊರಿಗೆ ೧.೨, ಸೆಕೆಯ ಊರಿಗೆ ೦.೭. ೨೦೧೫ರಲ್ಲಿ ಆ ಭೇದವನ್ನು ತೆಗೆದು, ಎಲ್ಲೆಡೆಗೂ ೦.೭ ಎಂದು ಸಾರಿದರು. ಅಲ್ಲಿಯ ಮಕ್ಕಳು ಕುಡಿಯುವ ನೀರಿಗೂ ಹೊರಗಿನ ಸೆಕೆಗೂ ಈಗ ಸಂಬಂಧ ಕಾಣುತ್ತಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಮನೆ, ಶಾಲೆ, ವಾಹನಗಳನ್ನೆಲ್ಲ ಯಂತ್ರದಿಂದ ತಂಪುಗೊಳಿಸಿಕೊಂಡ ನಾಡಿನಲ್ಲಿ ಅದು ಆಶ್ಚರ್ಯವಲ್ಲ. ಆದರೆ ಮುಂಡರಗಿಯ ಎರೆಹೊಲದಲ್ಲಿ ಏಪ್ರಿಲ್ ತಿಂಗಳ ಬಿಸಿಲಿಗೆ ಬೆನ್ನು ಕೊಟ್ಟವರಿಗೆ ಆ ಮಾತು ಹೇಗೆ ಒಪ್ಪೀತು?

ಸಾಮಾನ್ಯವಾಗಿ ವಿಷಗಳ ಮೇರೆಯನ್ನು ಕಟ್ಟುವಾಗ ಶಾಸ್ತ್ರಜ್ಞರು ಧಾರಾಳವಾದ ಅಂಚನ್ನು ಬಿಡುತ್ತಾರೆ. ಅಮೆರಿಕದ ಲೇಮನ್ ಮತ್ತು ಫಿಟ್ಸ್‌ಹ್ಯೂ ಎಂಬವರು ೧೯೫೪ರಲ್ಲಿ ಇದಕ್ಕೊಂದು ಸೂತ್ರವನ್ನು ವಿವರಿಸಿದರು. ಪ್ರಾಣಿಗಳಿಗೆ ಹಾನಿ ಮಾಡದ ಪ್ರಮಾಣವನ್ನು ಮೊದಲು ಕಂಡುಕೊಳ್ಳಬೇಕು. ಪ್ರಾಣಿಗಿಂತ ಮನುಷ್ಯನು ಹತ್ತು ಪಾಲು ಸೂಕ್ಷ್ಮನಾಗಿರಬಹುದು. ಮನುಷ್ಯರಲ್ಲಿಯೂ ಒಬ್ಬನಿಗಿಂತ ಇನ್ನೊಬ್ಬನು ಹತ್ತು ಪಾಲು ಸೂಕ್ಷ್ಮನಾಗಿರಬಹುದು. ಆದುದರಿಂದ ಆ ಪ್ರಮಾಣವನ್ನು ನೂರರಿಂದ ಭಾಗಿಸಬೇಕು. ಆಹಾರದಲ್ಲಿ ಸೇರುವ ಬಣ್ಣ, ಕ್ರಿಮಿನಾಶಕ ಮೊದಲಾದವಕ್ಕೆ ಇಂದಿಗೂ ಈ ಲೆಕ್ಕವೇ ಬಹುಮಟ್ಟಿಗೆ ಆಧಾರ. ಫ್ಲೋರೈಡಿನ ವಿಚಾರದಲ್ಲಿ ಈ ಔದಾರ್ಯಕ್ಕೆ ಸ್ಥಳವಿಲ್ಲ. ಒಳಿತು ಮಾಡುವ ಪ್ರಮಾಣಕ್ಕೂ ಕೆಡುಕು ಮಾಡುವ ಪ್ರಮಾಣಕ್ಕೂ ನಡುವೆ ನೂರು ಪಾಲಿನ ಬಯಲಿಲ್ಲ, ಎರಡು ಮೂರು ಪಾಲಿನ ಕಿರಿಯ ಬದುವಿದೆ. ಬದುವಿನ ಮೇಲೆ ನಡೆಯುವವನು ಹೆಜ್ಜೆಯನ್ನು ನೋಡಿಯೇ ಇಡಬೇಕು.

ಇಷ್ಟೇ ಅಲ್ಲ, ಯಾವುದನ್ನು ಹಾನಿ ಎನ್ನಬೇಕು ಎಂಬುದರಲ್ಲಿಯೇ ಭಿನ್ನಾಭಿಪ್ರಾಯವುಂಟು. ೧೯೮೬ರಲ್ಲಿ ಅಮೆರಿಕ ಸರಕಾರವು ಕಡ್ಡಾಯದ ಮೇರೆಯನ್ನು ಲೀಟರಿಗೆ ೪ ಮಿಲಿಗ್ರಾಂ ಎಂದು ಗೊತ್ತುಮಾಡಿತು. ಹಲ್ಲಿನ ಕಲೆಯು ಅಂದಕ್ಕೆ ಸಂಬಂಧಿಸಿದುದೇ ಹೊರತು ಆರೋಗ್ಯಕ್ಕಲ್ಲ ಎಂಬುದು ಅದರ ಹಿಂದಿದ್ದ ಅಭಿಪ್ರಾಯ. ಅಲ್ಲಿಯ ವಿಜ್ಞಾನ ಪರಿಷತ್ತಿನ ಸಮಿತಿಯೊಂದು ೨೦೦೬ರಲ್ಲಿ ಇದನ್ನು ಪರಿಶೀಲಿಸಿ, ೪ ಎಂಬ ಅಂಕಿಯನ್ನು ಇಳಿಸಬೇಕೆಂದು ಹೇಳಿತು. ಹಲ್ಲಿನ ಕಲೆ ಕೇವಲ ಅಂದದ ಮಾತೇ? ಶಾಲೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹುಡುಗಿಯನ್ನು ಕೇಳಿದರೆ ಅವಳು ಬೇರೆಯ ಉತ್ತರವನ್ನು ಕೊಟ್ಟಾಳು. ಅಲ್ಲದೆ ಹಲ್ಲಿನ ಗೆರೆಯೆಂಬುದು ಒಂದು ಬರವಣಿಗೆ. ಬೆಳೆಯುವ ವಯಸ್ಸಿನಲ್ಲಿ ಮಗುವಿನ ಮೈಗೆ ಫ್ಲೋರೈಡ್ ಮಿತಿಮೀರಿ ಸೇರಿತ್ತೆಂಬುದನ್ನು ಅದು ಕಾಣುವಂತೆ ಬರೆದಿಡುತ್ತದೆ. ಎಲುಬಿನ ರೋಗವಾದರೋ ಕಾಣದೆ ಬೆಳೆದು, ನಡುವಯಸ್ಸಿನಲ್ಲಿ ತಲೆಯೆತ್ತುತ್ತದೆ.

ಈಗ ಗದಗಿನ ಸೀಮೆಗೆ ಹಿಂದಿರುಗೋಣ. ಈ ನಾಡಿಗೆ ನೀರಿನ ಚಿಂತೆ ಹೊಸದಲ್ಲ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಹೇಳುತ್ತಾರೆ. ಅಲ್ಲಿಯ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಇಳಿದು ನೋಡಿದವರಿಗೆ, ನೀರನ್ನು ದೇವರ ಪಕ್ಕದಲ್ಲಿಯೇ ಇಟ್ಟು ಗೌರವಿಸಿದ ಕಾಲವೊಂದು ಕಣ್ಣಿಗೆ ಕಟ್ಟುತ್ತದೆ. ಡಂಬಳದ ಕೆರೆಯೂ ಇದೇ ಸೀಮೆಯದು. ಆದರೆ ಮೆಟ್ಟಿಲಿಳಿದು ನೀರನ್ನು ತುಂಬುವ ಬಾವಿಗಳಿಂದ ಉತ್ತರ ಕರ್ನಾಟಕದಲ್ಲಿ ನಾರುಹುಣ್ಣು ಹರಡುತ್ತಿತ್ತು. ಕೆರೆಯ ನೀರಿನಿಂದ ವಾಂತಿಭೇದಿ ಬರುತ್ತಿತ್ತು. ೧೯೭೦ರ ದಶಕದಿಂದೀಚೆಗೆ ಹಳ್ಳಿಹಳ್ಳಿಗೂ ಕೊಳವೆಬಾವಿಗಳು ಬಂದುದು ಈ ಕೇಡುಗಳನ್ನು ಕಳೆಯಬೇಕೆಂಬ ಸದುದ್ದೇಶದಿಂದಲೂ ಹೌದು. ಕೇಡು ಕಳೆಯಿತು, ೧೯೯೬ರ ತರುವಾಯ ಇಂಡಿಯದಲ್ಲಿ ನಾರುಹುಣ್ಣು ಕಾಣಲಿಲ್ಲ. ಅದು ನಿಸ್ಸಂದೇಹವಾಗಿಯೂ ದೊಡ್ಡ ಜಯ.

ಆದರೆ ಆಳದ ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಬಂಡೆಯ ಗುಣವನ್ನು ಹೊತ್ತು ಬರುತ್ತದೆ. ಬೆಣಚು, ಕಗ್ಗಲ್ಲುಗಳ ಈ ನೆಲದಲ್ಲಿ ಫ್ಲೋರೈಡುಳ್ಳ ಖನಿಜಗಳುಂಟು. ನೀರಿನಲ್ಲಿ ಸುಣ್ಣದ ಅಂಶ ಕಡಮೆಯಾಗಿ ಸೋಡದ ಅಂಶ ಹೆಚ್ಚಾದಷ್ಟೂ ಫ್ಲೋರೈಡ್ ಅದರಲ್ಲಿ ಹೆಚ್ಚಾಗಿ ಕರಗುತ್ತದೆ. ಮುಂಡರಗಿಯ ಸೀಮೆಯ ಅನೇಕ ಹಳ್ಳಿಗಳು ಹೀಗೆ ಫ್ಲೋರೋಸಿಸ್ಸಿನ ಪಟ್ಟಿಗೆ ಸೇರಿದವು. ಕೊಪ್ಪಳ, ರಾಯಚೂರು, ಚಿತ್ರದುರ್ಗಗಳಲ್ಲಿಯೂ ಪಾವಗಡದಲ್ಲಿಯೂ ಇದೇ ಕಥೆ. ಕ್ರಿಮಿಯಿದ್ದ ನೀರು ಕಣ್ಣಿಗೆ ಕದಡಾಗಿ ಕಾಣುತ್ತಿತ್ತು. ಈ ನೀರಾದರೋ ಸ್ಫಟಿಕದಂತೆ ತಿಳಿ. ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ. ಫ್ಲೋರೈಡ್ ಸಾಯುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ.

ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಮಾನಕಗಳನ್ನು ಗೊತ್ತುಮಾಡುವುದು ಭಾರತೀಯ ಮಾನಕ ಸಂಸ್ಥೆ. ಅವರ ೧೦೫೦೦ನೆಯ ಸಂಖ್ಯೆಯ ಮಾನಕವು ಮೊದಲು ೧೯೮೩ರಲ್ಲಿ ಹೊರಬಂದಿತು, ೨೦೧೨ರಲ್ಲಿ ಪರಿಷ್ಕೃತವಾಯಿತು. ಅದರಲ್ಲಿ ಫ್ಲೋರೈಡಿಗೆ ಎರಡು ಅಂಕಿಗಳಿವೆ. ಒಪ್ಪತಕ್ಕ ಪ್ರಮಾಣ ಲೀಟರಿಗೆ ೧ ಮಿಲಿಗ್ರಾಂ. ಬೇರೆಯ ನೀರಿನ ಆಸರೆ ಇಲ್ಲದಿರುವಲ್ಲಿ ಸೈರಿಸಬಹುದಾದ ಪ್ರಮಾಣ ೧.೫ ಮಿಲಿಗ್ರಾಂ. ಈ ಎರಡನೆಯ ಅಂಕಿಯೇ ವಿಶ್ವ ಆರೋಗ್ಯ ಸಂಸ್ಥೆಯವರು ೧೯೮೪ರಲ್ಲಿ ಸೂಚಿಸಿದುದೂ ಹೌದು. ಶ್ರೋತೃಗಳೆ, ಈ ಎರಡು ಅಂಕಿಗಳ ನಡುವಿನ ಅರ್ಧ ಮಿಲಿಗ್ರಾಮಿನಲ್ಲಿ ದೇಹಶಾಸ್ತ್ರವಿಲ್ಲ. ಬೇರೆ ಬಾವಿಯಿಲ್ಲದ ಊರಿನವನ ಎಲುಬು ಬೇರೆ ಬಾವಿಯುಳ್ಳವನ ಎಲುಬಿಗಿಂತ ಗಟ್ಟಿಯಾದುದೇನೂ ಅಲ್ಲ. ಅರ್ಧ ಮಿಲಿಗ್ರಾಮಿನಲ್ಲಿ ಇರುವುದು ಬಡತನ. ಬಾಯಾರಿ ಸಾಯುವುದಕ್ಕಿಂತ ಇದು ಮೇಲು ಎಂಬ ವಿವೇಕ ಅದರಲ್ಲಿದೆ, ಅದನ್ನು ತಪ್ಪೆನ್ನಲಾಗದು. ತಪ್ಪಾಗುವುದು ಯಾವಾಗ ಎಂದರೆ, ತಾತ್ಕಾಲಿಕವಾದ ಆ ಸೈರಣೆಯನ್ನು ಶಾಶ್ವತವಾದ ಕ್ಷೇಮವೆಂದು ನಾವು ಓದಿಕೊಂಡಾಗ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ನೆರಳಿನಲ್ಲಿ ಕುಳಿತು ಕೆಲಸ ಮಾಡುವ ನನ್ನಂಥವನು ದಿನಕ್ಕೆ ಎರಡು ಲೀಟರು ನೀರು ಕುಡಿದರೆ, ೧.೫ರ ಲೆಕ್ಕದಲ್ಲಿ ಅವನ ಹೊಟ್ಟೆಗೆ ಹೋಗುವ ಫ್ಲೋರೈಡ್ ೩ ಮಿಲಿಗ್ರಾಂ. ಬೇಸಗೆಯ ಹೊಲದಲ್ಲಿ ದುಡಿಯುವ ಹೆಣ್ಣುಮಗಳು ಐದು ಲೀಟರು ಕುಡಿದರೆ ಅದು ೭.೫ ಮಿಲಿಗ್ರಾಂ. ಅದೇ ನೀರಿನಲ್ಲಿ ಬೇಯಿಸಿದ ಬೇಳೆ, ಅದೇ ನೀರಿನಲ್ಲಿ ನಾದಿದ ರೊಟ್ಟಿಯ ಹಿಟ್ಟು, ಸ್ವತಃ ಫ್ಲೋರೈಡುಳ್ಳ ಚಹದ ಎಲೆ, ಇವು ಬೇರೆ. ದಿನಕ್ಕೆ ಎಲ್ಲ ಬಗೆಯಿಂದಲೂ ಸೇರಿ ೬ ಮಿಲಿಗ್ರಾಮಿಗೆ ಮೀರಿದರೆ ಎಲುಬಿಗೆ ಅಪಾಯ ಹೆಚ್ಚುವ ಸೂಚನೆಗಳಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ೨೦೦೨ರ ಗ್ರಂಥದಲ್ಲಿ ಹೇಳಿದೆ. ನೀರು ಒಂದೇ, ಪರೀಕ್ಷೆಯ ಚೀಟಿ ಒಂದೇ. ನನಗೆ ಅದು ಮೇರೆಯೊಳಗೆ, ಆಕೆಗೆ ಮೇರೆಯ ಹೊರಗೆ. ದೇಶದೇಶದವರು ತಮ್ಮ ಹವೆಯನ್ನೂ, ಜನ ಕುಡಿಯುವ ನೀರಿನ ಪ್ರಮಾಣವನ್ನೂ, ಇತರ ಮೂಲಗಳನ್ನೂ ನೋಡಿ ಅಂಕಿಯನ್ನು ಗೊತ್ತುಮಾಡಿಕೊಳ್ಳಬೇಕೆಂದು ಆ ಸಂಸ್ಥೆಯವರೇ ಹೇಳಿರುವುದನ್ನು ನಾವು ಮರೆಯಬಾರದು.

ಪರಿಹಾರಗಳು ಇಲ್ಲದಿಲ್ಲ. ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನಾಲಯದವರು ಸುಣ್ಣ ಮತ್ತು ಪಟಿಕಗಳಿಂದ ಫ್ಲೋರೈಡನ್ನು ತೆಗೆಯುವ ವಿಧಾನವೊಂದನ್ನು ಕಂಡುಹಿಡಿದರು. ಫ್ಲೋರೋಸಿಸ್ಸಿಗೆ ಕುಖ್ಯಾತವಾದ ನಲ್ಗೊಂಡ ಜಿಲ್ಲೆಯ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಮುಂಡರಗಿಯ ಸೀಮೆಯಲ್ಲಿ ಮನೆಯ ಮಾಳಿಗೆಯ ಮೇಲೆ ಬಿದ್ದ ಮಳೆಯ ನೀರನ್ನು ತೊಟ್ಟಿಗಳಲ್ಲಿ ಕೂಡಿಡುವ ಪ್ರಯತ್ನವೂ ನಡೆದಿದೆ. ನಾಣ್ಯ ಹಾಕಿದರೆ ನೀರು ಕೊಡುವ ಶುದ್ಧೀಕರಣ ಘಟಕಗಳು ಊರೂರಿಗೂ ಬಂದಿವೆ. ಸೋಸಿ ಉಳಿದ ನೀರನ್ನು ಏನು ಮಾಡಬೇಕೆಂಬುದು ಅವುಗಳ ತೊಡಕು. ತುಂಗಭದ್ರೆಯ ನೀರನ್ನು ಕೊಳವೆಗಳಲ್ಲಿ ತರುವುದು ಎಲ್ಲಕ್ಕಿಂತ ಮೇಲಾದ ದಾರಿ. ಮೇಲೆ ಹರಿಯುವ ನದಿಯ ನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ. ಆದರೆ ನದಿ ಬತ್ತಿದಾಗ, ಘಟಕ ಕೆಟ್ಟಾಗ ಜನ ಮತ್ತೆ ಬೋರಿನ ಬಾಯಿಗೇ ಹೋಗಬೇಕಾಗುತ್ತದೆ. ಬೇರೆಯ ಆಸರೆಯಿಲ್ಲ ಎಂಬ ಆ ಮಾತು ಮಾನಕದ ಪುಟದಿಂದ ಎದ್ದು ಬಂದು ಕೊಡದ ಬಳಿಯಲ್ಲಿ ನಿಲ್ಲುವುದು ಆಗಲೇ.

ಮುಂಡರಗಿಯ ಆ ತಾಯಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಈಗ ಹೇಳಬಲ್ಲೆ. ಅವ್ವ, ಎಷ್ಟಿದ್ದರೆ ಹೆಚ್ಚು ಎಂಬುದನ್ನು ಗೊತ್ತುಮಾಡಿದವರು ದೊಡ್ಡ ವಿದ್ವಾಂಸರು, ಪ್ರಾಮಾಣಿಕರು. ಆದರೆ ಅವರು ಅಳತೆಗೆ ಹಿಡಿದ ದೇಹ ನಿನ್ನದಲ್ಲ. ಹೆಚ್ಚಾಗಿ ತಂಪು ನಾಡಿನ, ಹಾಲು ಮೊಸರು ಉಂಡು ಬೆಳೆದ ಮಕ್ಕಳದು. ನಿನ್ನಂಥವರ ಎಲುಬುಗಳನ್ನು ೧೯೩೭ರಲ್ಲಿಯೇ ನಮ್ಮ ನೆರೆಯಲ್ಲಿ ನೋಡಿ ಬರೆದಿಟ್ಟರು. ಬರೆದಿಟ್ಟುದನ್ನು ನಾವು ಸರಿಯಾಗಿ ಓದಿಕೊಳ್ಳಲಿಲ್ಲ. ಒಂದೂವರೆ ಎಂಬ ಅಂಕಿ ನಿನಗೆ ಕೊಟ್ಟ ಅಭಯವಲ್ಲ; ಬೇರೆ ನೀರನ್ನು ತಂದುಕೊಡುವವರೆಗೆ ನಾವು ನಿನ್ನಿಂದ ಕೇಳಿಕೊಂಡ ವಾಯಿದೆ.

ವಾಯಿದೆಗೆ ಒಂದು ಕೊನೆಯ ದಿನವಿರಬೇಕು. ಹೊಲದ ಬದುವನ್ನು ಕಟ್ಟಿದವನು ಪ್ರತಿ ಮಳೆಗಾಲದ ತರುವಾಯ ಹೋಗಿ ನೋಡಿ, ಒಡೆದಲ್ಲಿ ಮಣ್ಣು ಹಾಕಿ ಬರುತ್ತಾನೆ. ನೀರಿನಲ್ಲಿ ಕಟ್ಟಿದ ಈ ಮೇರೆಯನ್ನೂ ಹಾಗೆಯೇ ಹೋಗಿ ನೋಡಬೇಕು: ಪುಸ್ತಕದಲ್ಲಿ ಮಾತ್ರವಲ್ಲ, ಶಾಲೆಯ ಮಕ್ಕಳ ಹಲ್ಲಿನಲ್ಲಿ, ಹೊಲದಿಂದ ಹಿಂದಿರುಗುವವರ ನಡಿಗೆಯಲ್ಲಿ. ಓಕ್ಲೀ ಊರಿನವರು ಅಂಕಿಗಾಗಿ ಕಾಯಲಿಲ್ಲ. ತಾಯಂದಿರ ಮಾತನ್ನು ಕೇಳಿ ಚಿಲುಮೆಯನ್ನು ಬದಲಾಯಿಸಿದರು. ನಮ್ಮ ಕೈಯಲ್ಲಿ ಅಂಕಿಯೂ ಇದೆ, ತಾಯಂದಿರ ಮಾತೂ ಇದೆ.